ಶಾಲೆಗಳ ಪಾಲುಪಾರೀಕತ್ತು

ಮನೆಯ ಕಂದಾಯ ಕಟ್ಟಿ ರಸೀತಿ ತಂದ ಮೇಲೆ ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಡುವವರೇ ನಮ್ಮಲ್ಲಿ ಹೆಚ್ಚು. ಬಿಡಿಸಿ ಓದುವವರು ವಿರಳ. ಒಮ್ಮೆ ಓದಿ ನೋಡಿ. ಕಂದಾಯದ ಮೊಬಲಗಿನ ಕೆಳಗೆ ಗ್ರಂಥಾಲಯದ ಕರ, ಭಿಕ್ಷುಕರ ಪರಿಹಾರದ ಕರ ಎಂದು ಸಣ್ಣ ಸಣ್ಣ ಬಾಬುಗಳು ಕಾಣುತ್ತವೆ. ತಾವು ಗ್ರಂಥಾಲಯದ ಮೆಟ್ಟಿಲು ಹತ್ತಿರಲಿ, ಹತ್ತದೇ ಇರಲಿ, ಆ ಕರವನ್ನು ತೆತ್ತಿದ್ದೀರಿ. ಅಮೆರಿಕಾ ಸಂಯುಕ್ತ ಸಂಸ್ಥಾನದ ಗೃಹಸ್ಥನೊಬ್ಬನು ತನ್ನ ಮನೆಯ ಕಂದಾಯದ ರಸೀತಿಯನ್ನು ಬಿಡಿಸಿದರೆ, ಅಲ್ಲಿ ಅನೇಕ ಊರುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಬಾಬು ಶಾಲೆಯದು. ಅವನಿಗೆ ಮಕ್ಕಳಿಲ್ಲದಿದ್ದರೂ ಆ ಹಣವನ್ನು ಅವನು ಕೊಡಲೇಬೇಕು. ಈ ಒಂದು ಬಾಬಿನ ಸುತ್ತ ಆ ದೇಶದಲ್ಲಿ ಊರಿಗೂ ಊರಿಗೂ ವ್ಯಾಜ್ಯ ನಡೆದಿದೆ, ಮತದಾನ ನಡೆದಿದೆ, ಶಾಸನಗಳೇ ಹುಟ್ಟಿವೆ. ಆ ಜಗಳದ ಸ್ವರೂಪವೇನು, ಅದರಲ್ಲಿ ಯಾರ ಪಕ್ಷ ನ್ಯಾಯವಾದದ್ದು ಎಂಬುದನ್ನು ಒಂದು ಊರಿನ ಉದಾಹರಣೆ ಹಿಡಿದು ಇಲ್ಲಿ ವಿಚಾರ ಮಾಡೋಣ.

ಮೊದಲು 'ಶಾಲಾ ಜಿಲ್ಲೆ' ಎಂಬ ಮಾತಿನ ಅರ್ಥವನ್ನು ಸ್ಪಷ್ಟಮಾಡಿಕೊಳ್ಳಬೇಕು. ನಮ್ಮಲ್ಲಿಯೂ ಶೈಕ್ಷಣಿಕ ಜಿಲ್ಲೆಗಳುಂಟು. ಬೆಳಗಾವಿ ಜಿಲ್ಲೆಯೊಳಗೆ ಚಿಕ್ಕೋಡಿ, ತುಮಕೂರು ಜಿಲ್ಲೆಯೊಳಗೆ ಮಧುಗಿರಿ, ಉತ್ತರ ಕನ್ನಡದೊಳಗೆ ಶಿರಸಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಗಳಾಗಿವೆ. ಹೀಗೆ ಬೇರೆಯಾದಾಗ ಬೇರೆಯಾಗುವುದು ಏನು? ಒಬ್ಬ ಉಪನಿರ್ದೇಶಕರು, ಒಂದು ಕಛೇರಿ, ಒಂದಿಷ್ಟು ಬೀರು, ಒಂದಿಷ್ಟು ಕಡತ. ಸರ್ಕಾರಿ ಶಾಲೆಯ ಉಪಾಧ್ಯಾಯರ ಸಂಬಳ ಮೊದಲಿನಂತೆಯೇ ರಾಜ್ಯದ ಬೊಕ್ಕಸದಿಂದ ಬರುತ್ತದೆ. ಮಧುಗಿರಿಯ ಮನೆಗಳ ಬೆಲೆ ತುಮಕೂರಿನ ಮನೆಗಳ ಬೆಲೆಗಿಂತ ಕಡಿಮೆಯೆಂದು ಮಧುಗಿರಿಯ ಮೇಷ್ಟರ ಸಂಬಳ ಕಡಿಮೆಯಾಗುವುದಿಲ್ಲ. ಆದಕಾರಣ ನಮ್ಮಲ್ಲಿ ಶೈಕ್ಷಣಿಕ ಜಿಲ್ಲೆ ಒಡೆದರೆ ಕಛೇರಿಗೆ ಅಲೆಯುವ ದೂರ ಕಡಿಮೆಯಾಯಿತೆಂದು ಜನ ಸಂತೋಷಪಡುತ್ತಾರೆ, ಅಷ್ಟೆ.

ಅಮೆರಿಕಾದ ಶಾಲಾ ಜಿಲ್ಲೆ ಹಾಗಲ್ಲ. ಅದು ಒಂದು ಪುಟ್ಟ ಸಂಸ್ಥಾನವಿದ್ದಂತೆ. ಅದಕ್ಕೆ ತನ್ನದೇ ಗಡಿಯುಂಟು, ಸಾಮಾನ್ಯವಾಗಿ ಜನರೇ ಆರಿಸಿದ ಶಾಲಾ ಮಂಡಲಿಯುಂಟು, ಉಪಾಧ್ಯಾಯರನ್ನು ನೇಮಿಸುವ ಅಧಿಕಾರವುಂಟು; ಅನೇಕ ರಾಜ್ಯಗಳಲ್ಲಿ ತೆರಿಗೆ ಹಾಕುವ ಅಧಿಕಾರವೂ ಉಂಟು. ಇಂಥ ಜಿಲ್ಲೆಗಳು ಆ ದೇಶದಲ್ಲಿ ಸುಮಾರು 13,000 ಇವೆ. ಶಾಲೆಗೆ ಬೇಕಾದ ಹಣದಲ್ಲಿ ಅರ್ಧಕ್ಕೆ ತುಸು ಕಡಿಮೆ ಪಾಲು ಸ್ಥಳೀಯ ತೆರಿಗೆಗಳಿಂದ, ಹೆಚ್ಚುಕಡಿಮೆ ಅಷ್ಟೇ ಪಾಲು ರಾಜ್ಯ ಸರ್ಕಾರದಿಂದ ಬರುತ್ತದೆ; ಕೇಂದ್ರ ಸರ್ಕಾರದ್ದು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿನಷ್ಟು. ಸ್ಥಳೀಯ ತೆರಿಗೆಯಲ್ಲಿ ಮುಖ್ಯವಾದದ್ದು ಮನೆ, ಜಮೀನು, ಅಂಗಡಿ, ಕಾರ್ಖಾನೆಗಳ ಮೇಲಿನ ಕಂದಾಯ.

ಇದರ ಫಲವನ್ನು ಅಂಕಿಗಳಲ್ಲಿ ನೋಡಿದರೆ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ. ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದಲ್ಲಿ ಎಜ್‌ವುಡ್ ಎಂಬುದೊಂದು ಬಡ ಶಾಲಾ ಜಿಲ್ಲೆ. ಅಲಾಮೋ ಹೈಟ್ಸ್ ಎಂಬುದೊಂದು ಸಿರಿವಂತ ಶಾಲಾ ಜಿಲ್ಲೆ. 1967–68ನೆಯ ಶಾಲಾ ವರ್ಷದಲ್ಲಿ ಎಜ್‌ವುಡ್‌ನ ಜನ ತಮ್ಮ ಆಸ್ತಿಯ ಬೆಲೆಯ ಪ್ರತಿ 100 ಡಾಲರಿಗೆ 1 ಡಾಲರು 5 ಸೆಂಟಿನಂತೆ ತೆರಿಗೆ ತೆತ್ತರು. ಅಲಾಮೋ ಹೈಟ್ಸಿನವರು ತೆತ್ತದ್ದು 85 ಸೆಂಟು ಮಾತ್ರ. ಹೆಚ್ಚು ದರದಲ್ಲಿ ತೆತ್ತವರಿಗೆ ಹೆಚ್ಚು ಹಣ ಸಿಕ್ಕಬೇಕಷ್ಟೆ? ಆದದ್ದು ವಿಪರೀತ. ರಾಜ್ಯ ಗೊತ್ತುಮಾಡಿದ ವಂತಿಗೆಯನ್ನು ಕೊಟ್ಟು ಉಳಿದದ್ದು ಎಜ್‌ವುಡ್‌ನಲ್ಲಿ ಮಗುವೊಂದಕ್ಕೆ 26 ಡಾಲರು. ಅಲಾಮೋ ಹೈಟ್ಸಿನಲ್ಲಿ 333 ಡಾಲರು. ರಾಜ್ಯ ಮತ್ತು ಕೇಂದ್ರದ ಸಹಾಯ ಸೇರಿದ ಮೇಲೂ ಅಲ್ಲಿ 356, ಇಲ್ಲಿ 594. ಕಾರಣ ಗೂಢವಾದದ್ದೇನೂ ಅಲ್ಲ. ಎಜ್‌ವುಡ್‌ನಲ್ಲಿ ಒಬ್ಬ ವಿದ್ಯಾರ್ಥಿಯ ತಲೆಗೆ ಬರುವ ಆಸ್ತಿಯ ಬೆಲೆ ಆರು ಸಾವಿರ ಡಾಲರಿಗೂ ಕಡಿಮೆ. ಅಲಾಮೋ ಹೈಟ್ಸಿನಲ್ಲಿ ನಲವತ್ತೊಂಬತ್ತು ಸಾವಿರಕ್ಕೂ ಹೆಚ್ಚು. ಆಳವಿಲ್ಲದ ಬಾವಿಯಲ್ಲಿ ಎಷ್ಟು ಸಲ ಕೊಡ ಇಳಿಬಿಟ್ಟರೇನು? ಎಜ್‌ವುಡ್‌ನ ತಂದೆತಾಯಿಗಳು ನ್ಯಾಯಾಲಯಕ್ಕೆ ಹೋದರು. 1973ರಲ್ಲಿ ಸರ್ವೋಚ್ಚ ನ್ಯಾಯಾಲಯ, ಐವರು ಒಂದು ಕಡೆ ನಾಲ್ವರು ಒಂದು ಕಡೆಯಾಗಿ, ಈ ಅಸಮತೆ ದೇಶದ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ತೀರ್ಪು ಕೊಟ್ಟಿತು.

ಮರುವರ್ಷ, 1974ರಲ್ಲಿ, ಡೆಟ್ರಾಯಿಟ್ ನಗರದ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಮತ್ತೆ ಐದಕ್ಕೆ ನಾಲ್ಕರಂತೆ ಇನ್ನೊಂದು ಮಾತು ಹೇಳಿತು. ಬಿಳಿಯ ಮತ್ತು ಕಪ್ಪು ಮಕ್ಕಳನ್ನು ಒಂದೇ ಶಾಲೆಯಲ್ಲಿ ಕೂಡಿಸುವುದಕ್ಕಾಗಿ, ತಪ್ಪು ಮಾಡಿದರೆಂದು ಸಿದ್ಧವಾಗದ ಹೊರವಲಯದ ಶಾಲಾ ಜಿಲ್ಲೆಗಳನ್ನು ನಗರದ ಜಿಲ್ಲೆಯೊಡನೆ ಬೆಸೆಯಲಾಗದೆಂಬುದೇ ಆ ಮಾತು. ಈ ಎರಡು ತೀರ್ಪುಗಳಿಂದ ನಕ್ಷೆಯ ಮೇಲಿನ ಒಂದು ಗೆರೆಗೆ ಎಷ್ಟು ಬಲ ಬಂದಿತೆಂಬುದನ್ನು ಓದುಗರು ಊಹಿಸಬಹುದು. ಗೆರೆಯ ಆಚೆಯ ಹಣ ಆಚೆಗೆ, ಗೆರೆಯ ಆಚೆಯ ಮಕ್ಕಳೂ ಆಚೆಗೆ. ಇನ್ನು ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ವಾದ ಹುಟ್ಟದೆ ಇದ್ದೀತೆ?

ಈಗ ನಮ್ಮ ಉದಾಹರಣೆಯ ಊರಿಗೆ ಬರೋಣ. ಟೆನೆಸೀ ರಾಜ್ಯದ ನೈಋತ್ಯ ಮೂಲೆಯಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯ ಮೇಲೆ ಮೆಂಫಿಸ್ ನಗರವಿದೆ. 1968ರಲ್ಲಿ ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲವೀಯಲು ಬಂದ ಮಾರ್ಟಿನ್ ಲೂಥರ್ ಕಿಂಗ್ ಅವರು ಗುಂಡಿಗೆ ಬಲಿಯಾದದ್ದು ಇದೇ ಊರಿನಲ್ಲಿ. ಅದಕ್ಕೆ ಏಳು ವರ್ಷ ಮೊದಲು, 1961ರ ಅಕ್ಟೋಬರ್ 3ರಂದು, ಇಲ್ಲಿನ ನಾಲ್ಕು ಬಿಳಿಯರ ಶಾಲೆಗಳಿಗೆ ಒಟ್ಟು ಹದಿಮೂರು ಕಪ್ಪು ಮಕ್ಕಳು ಮೊಟ್ಟಮೊದಲ ಬಾರಿಗೆ ಕಾಲಿಟ್ಟರು. ಎಲ್ಲರೂ ಒಂದನೆಯ ತರಗತಿಯ ಎಳೆಯರು. 1973ರಲ್ಲಿ ನ್ಯಾಯಾಲಯದ ಆಜ್ಞೆಯಂತೆ ಮಕ್ಕಳನ್ನು ಬಸ್ಸುಗಳಲ್ಲಿ ಕರೆದೊಯ್ದು ಶಾಲೆಗಳಲ್ಲಿ ಬೆರೆಸುವ ಏರ್ಪಾಡಾದಾಗ, ಸಾವಿರಾರು ಬಿಳಿಯ ಮಕ್ಕಳು ನಗರದ ಸಾರ್ವಜನಿಕ ಶಾಲೆಗಳನ್ನು ಬಿಟ್ಟುಹೋದರು. ಕೆಲವರು ಖಾಸಗಿ ಶಾಲೆಗಳಿಗೆ, ಕೆಲವರು ನಗರದ ಹೊರಗಣ ಬಡಾವಣೆಗಳಿಗೆ.

ಮೆಂಫಿಸ್ ನಗರ ಶೆಲ್ಬಿ ಎಂಬ ಕೌಂಟಿಗೆ ಸೇರಿದೆ. ಕೌಂಟಿ ಎಂದರೆ ನಮ್ಮ ತಾಲ್ಲೂಕು, ಜಿಲ್ಲೆಗಳ ನಡುವಣ ಒಂದು ಆಡಳಿತ ಘಟಕವೆಂದಿಟ್ಟುಕೊಳ್ಳಿ. ಆ ಒಂದು ಕೌಂಟಿಯಲ್ಲಿ ಎರಡು ಶಾಲಾ ಜಿಲ್ಲೆಗಳಿದ್ದವು. ನಗರದ ಜಿಲ್ಲೆಯಲ್ಲಿ 2010ರ ವೇಳೆಗೆ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು. ಬಹುಪಾಲು ಕಪ್ಪು ಜನರ ಮಕ್ಕಳು, ಬಹುಪಾಲು ಬಡವರ ಮಕ್ಕಳು. ಹೊರವಲಯದ ಕೌಂಟಿ ಜಿಲ್ಲೆಯಲ್ಲಿ ಸುಮಾರು 47 ಸಾವಿರ ಮಕ್ಕಳು. ಅಲ್ಲಿ ಅನುಕೂಲಸ್ಥರು ಹೆಚ್ಚು. ಕೌಂಟಿಯ ಆಸ್ತಿ ತೆರಿಗೆಯನ್ನು ನಗರದವರೂ ಹೊರವಲಯದವರೂ ತೆರುತ್ತಿದ್ದರು. ಆ ಹಣ ಒಂದು ಸಾಮಾನ್ಯ ನಿಧಿಗೆ ಸೇರಿ, ಮಕ್ಕಳ ಹಾಜರಾತಿಯ ಪ್ರಮಾಣದಲ್ಲಿ ಎರಡು ಜಿಲ್ಲೆಗಳಿಗೂ ಹಂಚಿಕೆಯಾಗುತ್ತಿತ್ತು. ಮಕ್ಕಳು ನಗರದಲ್ಲಿ ಹೆಚ್ಚಾದ್ದರಿಂದ ಹಣದ ದೊಡ್ಡ ಪಾಲು ನಗರಕ್ಕೆ ಹೋಗುತ್ತಿತ್ತು. ಇದಲ್ಲದೆ ಮೆಂಫಿಸ್ ನಗರಸಭೆ ತನ್ನ ಬೊಕ್ಕಸದಿಂದಲೂ ಶಾಲೆಗಳಿಗೆ ಹಣ ಕೊಡಬೇಕಾಗಿತ್ತು. ಅಂದರೆ ನಗರದ ನಿವಾಸಿ ಶಾಲೆಗಾಗಿ ಎರಡು ಕಡೆ ತೆತ್ತಂತಾಯಿತು. 2008ರಲ್ಲಿ ನಗರಸಭೆ ತನ್ನ ಪಾಲನ್ನು ಕಡಿತಗೊಳಿಸಲು ಹೋಗಿ, ನ್ಯಾಯಾಲಯದಿಂದ ಕೊಡಲೇಬೇಕೆನ್ನಿಸಿಕೊಂಡಿತು.

ಜಗಳದ ಕಿಡಿ ಇಲ್ಲಿದೆ. ಹೊರವಲಯದ ಶಾಲಾ ಮಂಡಲಿಯವರು ತಮ್ಮದನ್ನು 'ವಿಶೇಷ ಶಾಲಾ ಜಿಲ್ಲೆ'ಯಾಗಿ ಮಾಡಿಕೊಡಿರೆಂದು ಬಹುಕಾಲದಿಂದ ಕೇಳುತ್ತಿದ್ದರು. ಹಾಗಾದರೆ ಅವರ ಗಡಿ ಶಾಶ್ವತವಾಗುತ್ತಿತ್ತು. ತಾವೇ ತೆರಿಗೆ ಹಾಕಿಕೊಳ್ಳುವ ಅಧಿಕಾರ ದೊರೆಯುತ್ತಿತ್ತು. ರಾಜ್ಯದ ಶಾಸನ ಹೊಸ ವಿಶೇಷ ಜಿಲ್ಲೆಗಳನ್ನು ನಿಷೇಧಿಸಿದ್ದರಿಂದ ಆ ಬೇಡಿಕೆ ಮೂಲೆಗೆ ಬಿದ್ದಿತ್ತು. 2010ರ ನವೆಂಬರ್ ಚುನಾವಣೆಯಲ್ಲಿ ರಾಜ್ಯದ ಶಾಸನಸಭೆಯೂ ರಾಜ್ಯಪಾಲರ ಸ್ಥಾನವೂ ರಿಪಬ್ಲಿಕನ್ ಪಕ್ಷದ ಕೈಗೆ ಬಂದವು. ಅಲ್ಲಿಯ ರಾಜ್ಯಪಾಲರು ಜನರಿಂದ ಚುನಾಯಿತರು. ಸರ್ಕಾರ ನಡೆಸುವವರು ಅವರೇ. ಈಗ ಆ ನಿಷೇಧ ಹೋದೀತೆಂದು ಮೆಂಫಿಸ್‌ನವರು ಹೆದರಿದರು. ಹೊರವಲಯದ ಬೆಲೆಬಾಳುವ ಮನೆಗಳ ತೆರಿಗೆ ಸಾಮಾನ್ಯ ನಿಧಿಯಿಂದ ಜಾರಿಹೋದರೆ ನಗರದ ಒಂದು ಲಕ್ಷ ಮಕ್ಕಳ ಪಾಡೇನು?

ಆಗ ಮೆಂಫಿಸ್ ಶಾಲಾ ಮಂಡಲಿ ಒಂದು ವಿಚಿತ್ರ ಉಪಾಯವನ್ನು ಹೂಡಿತು. ತನ್ನ ಸನ್ನದನ್ನೇ ಒಪ್ಪಿಸಿಬಿಟ್ಟು, ತನ್ನನ್ನು ತಾನೇ ಇಲ್ಲವಾಗಿಸಿಕೊಳ್ಳುವುದೇ ಆ ಉಪಾಯ. ನಗರದ ಜಿಲ್ಲೆ ಇಲ್ಲವಾದರೆ ಅದರ ಮಕ್ಕಳನ್ನೆಲ್ಲ ಕಾನೂನಿನ ಪ್ರಕಾರ ಕೌಂಟಿ ಜಿಲ್ಲೆಯೇ ವಹಿಸಿಕೊಳ್ಳಬೇಕು; ಎರಡು ಮನೆ ಒಂದಾಗುತ್ತದೆ; ಹೊರವಲಯದವರು ಬೇರೆಯಾಗುವ ಮಾತೇ ಇರುವುದಿಲ್ಲ. 2010ರ ಡಿಸೆಂಬರ್ 20ರಂದು ಒಂಬತ್ತು ಮಂದಿಯ ಮಂಡಲಿ ಐದಕ್ಕೆ ನಾಲ್ಕು ಮತಗಳಿಂದ ಇದನ್ನು ಒಪ್ಪಿತು. ಆ ನಾಲ್ಕು ವಿರುದ್ಧ ಮತಗಳನ್ನು ಗಮನಿಸಬೇಕು. ಬಹುಕಾಲ ಹೋರಾಡಿ ಕಪ್ಪು ಜನ ಕೈಗೆ ತಂದುಕೊಂಡಿದ್ದ ಶಾಲಾ ಮಂಡಲಿಯನ್ನು ಹೀಗೆ ಕೈಯಾರೆ ಬಿಟ್ಟುಕೊಡುವುದೇ ಎಂಬ ಸಂಕಟ ನಗರದೊಳಗೇ ಅನೇಕರಿಗಿತ್ತು. ಹಣ ಉಳಿಸಿಕೊಳ್ಳಬೇಕಾದರೆ ಅಧಿಕಾರ ಬಿಡಬೇಕು, ಅಧಿಕಾರ ಉಳಿಸಿಕೊಂಡರೆ ಹಣದ ಭರವಸೆಯಿಲ್ಲ. ಅತ್ತ ದರಿ, ಇತ್ತ ಪುಲಿ.

2011ರ ಮಾರ್ಚ್ 8ರಂದು ಮೆಂಫಿಸ್‌ನಲ್ಲಿ ಜನಮತ ಸಂಗ್ರಹವಾಯಿತು. ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಸನ್ನದು ಒಪ್ಪಿಸುವ ಪಕ್ಷಕ್ಕೆ ನಿಂತರು. ಆದರೆ ಮತ ಹಾಕಿದವರು ನಗರದವರು ಮಾತ್ರ. ಹೊರವಲಯದವರು ಕೇಳಿದ ಪ್ರಶ್ನೆ ಸಹಜವಾದದ್ದು: "ನಮ್ಮ ಮಕ್ಕಳ ಶಾಲೆಯನ್ನು ಇನ್ನೊಂದರೊಡನೆ ಕೂಡಿಸುವುದಕ್ಕೆ ನಮ್ಮನ್ನು ಕೇಳುವುದು ಬೇಡವೇ?" ಅವರ ಪರವಾಗಿ ರಾಜ್ಯದ ಶಾಸನಸಭೆ ಅಷ್ಟರೊಳಗೆ, ಫೆಬ್ರವರಿಯಲ್ಲೇ, ಒಂದು ಶಾಸನವನ್ನು ಮಾಡಿ ಮುಗಿಸಿತ್ತು. ಅದು ಕೂಡಿಕೆಯನ್ನು 2013ರವರೆಗೆ ಮುಂದಕ್ಕೆ ತಳ್ಳಿತು. ಅದಕ್ಕಿಂತ ಮುಖ್ಯವಾಗಿ, ಕೂಡಿಕೆಯಾದ ಮೇಲೆ ಶೆಲ್ಬಿ ಕೌಂಟಿಯೊಳಗಿನ ಪಟ್ಟಣಗಳು ಬೇಕಾದರೆ ಸ್ವಂತ ಶಾಲಾ ಜಿಲ್ಲೆ ಕಟ್ಟಿಕೊಳ್ಳಲು ಬಾಗಿಲು ತೆರೆಯಿತು. ಎರಡು ಮನೆ ಒಂದಾಗುವ ಮೊದಲೇ ಒಂದು ಮನೆ ಏಳಾಗುವ ದಾರಿ ಸಿದ್ಧವಾಗಿತ್ತು.

ಮುಂದಿನ ಎರಡು ವರ್ಷ ನಡೆದದ್ದನ್ನು ಬೇಗ ಹೇಳಿಬಿಡಬಹುದು. 2012ರ ಆಗಸ್ಟಿನಲ್ಲಿ ಬಾರ್ಟ್ಲೆಟ್, ಕಾಲಿಯರ್‌ವಿಲ್, ಜರ್ಮನ್‌ಟೌನ್, ಆರ್ಲಿಂಗ್ಟನ್, ಲೇಕ್‌ಲ್ಯಾಂಡ್, ಮಿಲಿಂಗ್ಟನ್ ಎಂಬ ಆರು ಪಟ್ಟಣಗಳು ಬೇರೆಯಾಗಲು ಮತ ನೀಡಿದವು. ಆಗ ಮತ ಹಾಕಿದವರು ಆಯಾ ಪಟ್ಟಣದವರು ಮಾತ್ರ. ಮೆಂಫಿಸ್‌ನವರನ್ನು ಯಾರೂ ಕೇಳಲಿಲ್ಲ. ನವೆಂಬರಿನಲ್ಲಿ ಫೆಡರಲ್ ನ್ಯಾಯಾಧೀಶ ಹಾರ್ಡಿ ಮೇಸ್ ಅವರು, ಈ ಮತದಾನಕ್ಕೆ ಆಧಾರವಾದ ಶಾಸನ ಒಂದೇ ಕೌಂಟಿಗೆ ಅನ್ವಯಿಸುವಂತೆ ರಚಿತವಾದದ್ದೆಂದು ಹೇಳಿ ಮತದಾನವನ್ನು ರದ್ದು ಮಾಡಿದರು. 2013ರಲ್ಲಿ ಶಾಸನಸಭೆ ಇಡೀ ರಾಜ್ಯಕ್ಕೆ ಅನ್ವಯಿಸುವಂತೆ ಹೊಸ ಶಾಸನ ತಂದಿತು. ಆ ವರ್ಷದ ಜುಲೈ 1ರಂದು ನಗರ ಮತ್ತು ಕೌಂಟಿ ಜಿಲ್ಲೆಗಳು ವಿಧಿವತ್ತಾಗಿ ಒಂದಾದವು; ಅದೇ ತಿಂಗಳಲ್ಲಿ ಆರು ಪಟ್ಟಣಗಳೂ ಮತ್ತೊಮ್ಮೆ ಬೇರೆಯಾಗಲು ಮತ ಹಾಕಿದವು. ಕೂಡುಕುಟುಂಬ ನಡೆದದ್ದು ಒಂದೇ ಒಂದು ಶಾಲಾ ವರ್ಷ. 2014ರ ಆಗಸ್ಟಿನಲ್ಲಿ ಆರು ಹೊಸ ಶಾಲಾ ಜಿಲ್ಲೆಗಳು ಬಾಗಿಲು ತೆರೆದವು.

ಇನ್ನು ಎರಡು ಪಕ್ಷಗಳ ವಾದವನ್ನು ತೂಗಿ ನೋಡೋಣ. ಹೊರಟವರು ಹೇಳಿದ್ದರಲ್ಲಿ ಹುರುಳಿರಲಿಲ್ಲವೆನ್ನಲಾಗದು. ಒಂದೂವರೆ ಲಕ್ಷ ಮಕ್ಕಳ ಜಿಲ್ಲೆಯಲ್ಲಿ ಒಂದು ಪುಟ್ಟ ಪಟ್ಟಣದ ತಾಯಿಯ ಮಾತು ಮಂಡಲಿಯ ಕಿವಿಗೆ ಬೀಳುವುದು ಕಷ್ಟ. ತನ್ನ ಊರಿನ ಶಾಲೆಗೆ ಎರಡು ಕಾಸು ಹೆಚ್ಚು ಕೊಡಲು ಊರು ಸಿದ್ಧವಾಗಿದ್ದರೆ ಅದನ್ನು ತಡೆಯುವುದೇಕೆ? ಆ ಪಟ್ಟಣಗಳ ಜನ ಶಾಲೆಗಳಿಗಾಗಿ ತಮ್ಮ ಮಾರಾಟ ತೆರಿಗೆಯನ್ನು ನೂರಕ್ಕೆ ಅರ್ಧದಷ್ಟು ಏರಿಸಿಕೊಳ್ಳುವ ಪ್ರಸ್ತಾಪವನ್ನೂ ಮತಕ್ಕೆ ಹಾಕಿದ್ದರು. ಮನೆಯ ಹತ್ತಿರದ ಶಾಲೆಯನ್ನು ತಮ್ಮದೆಂದು ಭಾವಿಸಿ ಕೈಯಿಂದ ಹಣ ಹಾಕುವ ಜನ ನಮ್ಮ ಊರುಗಳಲ್ಲಿಯೂ ಕಡಿಮೆಯಿಲ್ಲ. ಅದು ದೋಷವಲ್ಲ, ಗುಣ.

ಉಳಿದವರ ಮಾತೂ ಅಷ್ಟೇ ಗಟ್ಟಿಯಾದದ್ದು. ಬಡವರು ಒಂದು ಕಡೆ, ಉಳ್ಳವರು ಇನ್ನೊಂದು ಕಡೆ ನೆಲೆಸಿದ್ದು ಕಾಕತಾಳೀಯವಲ್ಲ. ಅದಕ್ಕೆ 1973ರ ಚರಿತ್ರೆಯಿದೆ, ಅದಕ್ಕೂ ಹಿಂದಿನ ಚರಿತ್ರೆಯಿದೆ. ಹಾಗೆ ಬಂದ ಗೆರೆಯನ್ನೇ ನ್ಯಾಯದ ಗೆರೆಯೆಂದು ಒಪ್ಪುವುದು ಹೇಗೆ? ಮಕ್ಕಳು ಹೋದಂತೆ ಮಕ್ಕಳ ತಲೆಯ ಲೆಕ್ಕದ ಹಣವೂ ಹೋಗುತ್ತದೆ. ಆದರೆ ಹಳೆಯ ಕಟ್ಟಡಗಳ ರಿಪೇರಿಯಾಗಲಿ, ನಿವೃತ್ತ ಉಪಾಧ್ಯಾಯರ ವೈದ್ಯವೆಚ್ಚದ ಹೊರೆಯಾಗಲಿ ಆ ಪ್ರಮಾಣದಲ್ಲಿ ತಗ್ಗುವುದಿಲ್ಲ. ಒಂದು ತರಗತಿಯಿಂದ ಐದು ಮಕ್ಕಳು ಹೋದರೆ ಐದು ಮಕ್ಕಳ ಹಣ ಹೋಗುತ್ತದೆ. ಮೇಷ್ಟರ ಸಂಬಳ ಅಷ್ಟೇ ಇರುತ್ತದೆ, ಸೂರಿನ ಸೋರಿಕೆಯೂ ಅಷ್ಟೇ ಇರುತ್ತದೆ. ಆರು ಪಟ್ಟಣಗಳೊಡನೆ ಹೋದ ಮಕ್ಕಳು ಸುಮಾರು 30 ಸಾವಿರ.

ಹಿಸ್ಸೆ ಹೇಗಾಯಿತೆಂಬುದು ಬಹಳ ಸ್ವಾರಸ್ಯದ ಭಾಗ. ನಮ್ಮ ಹಳೆಯ ಪಾಲುಪಾರೀಕತ್ತುಗಳನ್ನು ನೋಡಿದವರಿಗೆ ಗೊತ್ತು: ಗದ್ದೆ, ತೋಟ, ಪಾತ್ರೆಪಡಗಗಳನ್ನು ಹಂಚಿದ ಮೇಲೆ, ಹಿತ್ತಲ ಬಾವಿಯ ನೀರನ್ನು ಉಭಯಪಕ್ಷದವರೂ ಬಳಸತಕ್ಕದ್ದೆಂದು ಬರೆದಿರುತ್ತಾರೆ. ಶೆಲ್ಬಿ ಕೌಂಟಿಯಲ್ಲಿಯೂ ಬಾವಿ ಒಡೆಯಲಿಲ್ಲ. ಕೌಂಟಿಯ ಆಸ್ತಿ ತೆರಿಗೆ ಸಾಮಾನ್ಯ ನಿಧಿಯಾಗಿಯೇ ಉಳಿದು, ಏಳು ಜಿಲ್ಲೆಗಳಿಗೂ ಹಾಜರಾತಿಯ ಲೆಕ್ಕದಲ್ಲಿ ಹಂಚಿಕೆಯಾಗುತ್ತ ಬಂದಿತು. ಮೆಂಫಿಸ್‌ನವರು 2010ರಲ್ಲಿ ಹೆದರಿದ್ದ ದೊಡ್ಡ ಆಪತ್ತು ಆ ರೂಪದಲ್ಲಿ ಬರಲಿಲ್ಲ. ನಗರಸಭೆ ಪ್ರತ್ಯೇಕವಾಗಿ ಕೊಡಬೇಕಾಗಿದ್ದ ಹಣದ ಹೊಣೆಯೂ ಕೂಡಿಕೆಯಿಂದ ತಪ್ಪಿತು. ಪ್ರತ್ಯೇಕವಾದದ್ದು ಅದರ ಮೇಲಿನದು: ಪಟ್ಟಣದವರು ತಮಗಾಗಿ ಹಾಕಿಕೊಂಡ ಹೆಚ್ಚುವರಿ ತೆರಿಗೆ ಅವರ ಶಾಲೆಗಳಿಗೇ. ಅಡಿಪಾಯ ಎಲ್ಲರಿಗೂ ಒಂದೇ. ಮಹಡಿ ಮಾತ್ರ ಉಳ್ಳವರಿಗೆ. ಇದನ್ನು ಸಮಾಧಾನವೆನ್ನಬೇಕೋ ಅನ್ಯಾಯವೆನ್ನಬೇಕೋ, ಅವರವರು ನಿಂತ ಜಾಗದ ಮೇಲೆ ಹೋಗುತ್ತದೆ.

ಕಟ್ಟಡಗಳ ವಿಷಯದಲ್ಲಿ ಹಗ್ಗಜಗ್ಗಾಟವೇ ನಡೆಯಿತು. "ನಾವು ತೆರಿಗೆ ತೆತ್ತು ಕಟ್ಟಿಸಿದ ಶಾಲೆಗೆ ಮತ್ತೆ ಕ್ರಯ ಕೊಡಬೇಕೆ?" ಎಂದು ಪಟ್ಟಣದವರು. "ಅದು ಇಡೀ ಕೌಂಟಿಯ ಹಣದಿಂದ ಕಟ್ಟಿದ್ದು" ಎಂದು ಉಳಿದವರು. ಕೊನೆಗೆ ಪಟ್ಟಣಗಳು ಹನ್ನೆರಡು ವರ್ಷಗಳ ಕಂತಿನಲ್ಲಿ ಹಣ ಕೊಡುವುದೆಂದು ರಾಜಿಯಾಯಿತು. ನಿವೃತ್ತರ ವೈದ್ಯವೆಚ್ಚದ ಹೊರೆಗೆ ಅದು ನೆರವಾಗಬೇಕೆಂದು ಒಡಂಬಡಿಕೆ.

ಆದರೆ ಜರ್ಮನ್‌ಟೌನ್ ಪಟ್ಟಣದಲ್ಲಿ ಒಂದು ಗಂಟು ಬಿಚ್ಚಲಾಗಲಿಲ್ಲ. ಆ ಊರಿನ ಹೆಸರನ್ನೇ ಹೊತ್ತ ಮೂರು ಶಾಲೆಗಳು, ಪ್ರಾಥಮಿಕ, ಮಾಧ್ಯಮಿಕ ಮತ್ತು ಪ್ರೌಢಶಾಲೆ, ಊರಿನ ನಡುವೆಯೇ ಇದ್ದವು. ಓದುತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರು ಮಾತ್ರ ಊರ ಗಡಿಯಾಚೆಯವರು. ಆ ಮಕ್ಕಳನ್ನು ಹೊರಗೆ ಹಾಕಲಾಗದೆಂದು ಹಿರಿಯ ಜಿಲ್ಲೆ ಮೂರು ಶಾಲೆಗಳನ್ನೂ ಬಿಟ್ಟುಕೊಡಲಿಲ್ಲ. ನೆಲದ ಮೇಲೆ ಗಡಿ ಎಳೆದರೆ ಮಕ್ಕಳು ಅದರ ಪ್ರಕಾರ ಕುಳಿತಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. 2022ರಲ್ಲಿ ರಾಜ್ಯದ ಇನ್ನೊಂದು ಶಾಸನ ಬಂದು, ಇಂಥ ಶಾಲೆಗಳ ವಿಷಯದಲ್ಲಿ ಇತ್ತಂಡದವರೂ ಒಪ್ಪಂದಕ್ಕೆ ಬರಬೇಕಾಯಿತು. ಮನೆ ಒಡೆದು ಎಂಟು ವರ್ಷವಾದ ಮೇಲೆಯೂ ಹಿಸ್ಸೆಯ ಕಾಗದ ಮುಗಿದಿರಲಿಲ್ಲ.

ಈ ಕಥೆಯಿಂದ ನಾವು ತಿಳಿಯುವುದೇನು? ಜಿಲ್ಲೆ ಒಡೆಯುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಯಾವ ಬಾವಿ ಸಾಮಾನ್ಯವಾಗಿ ಉಳಿಯುತ್ತದೆ, ಹಳೆಯ ಸಾಲವನ್ನು ಯಾರು ಹೊರುತ್ತಾರೆ, ಗಡಿಯ ಮೇಲಿರುವ ಮಗು ಎಲ್ಲಿ ಓದುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಅರ್ಧ ವಿಷಯ ತಿಳಿದಂತೆ. ಉಳಿದರ್ಧ ನಾಲ್ಕನೆಯ ಪ್ರಶ್ನೆಯಲ್ಲಿದೆ: ಮತ ಹಾಕುವವರು ಯಾರು? 2011ರಲ್ಲಿ ನಗರ ಮತ ಹಾಕಿತು, ಹೊರವಲಯ ನೋಡುತ್ತ ನಿಂತಿತು. 2012 ಮತ್ತು 2013ರಲ್ಲಿ ಪಟ್ಟಣಗಳು ಮತ ಹಾಕಿದವು, ನಗರ ನೋಡುತ್ತ ನಿಂತಿತು. ಮೂರು ಸಲವೂ ಬಹುಮತ ಸಿಕ್ಕಿತು. ಏಕೆಂದರೆ ಮೂರು ಸಲವೂ ಲಾಭವೆಂದು ಭಾವಿಸಿದವರನ್ನೇ ಕೇಳಲಾಯಿತು. ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಒಂದೇ ಪ್ರಶ್ನೆ ಕೇಳುವ ದಿನ ಬರಲೇ ಇಲ್ಲ. ಹಂಚಿಕೆಯ ನ್ಯಾಯ ಕೆಡುವುದು ಎಣಿಕೆಯಲ್ಲಲ್ಲ, ಎಣಿಸುವ ಮೊದಲು ಯಾರನ್ನು ಕರೆದೆವೆಂಬುದರಲ್ಲಿ.

ಮೂವತ್ತು ವರ್ಷ ತರಗತಿಯಲ್ಲಿ ಹಾಜರಿ ಕೂಗಿದವನು ನಾನು. ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಗು ನನ್ನ ಮಗು, ಇಲ್ಲದ್ದು ಅಲ್ಲ ಎಂಬ ಭಾವನೆ ಎಷ್ಟು ಬೇಗ ಬೇರೂರುತ್ತದೆಂಬುದನ್ನು ಬಲ್ಲೆ. ಊರುಗಳಿಗೂ ಹೀಗೆಯೇ. 'ನಮ್ಮ ಮಕ್ಕಳು' ಎಂಬುದು ಬಹಳ ಸವಿಯಾದ ಮಾತು. ಅದರಲ್ಲಿ 'ನಮ್ಮ' ಎಂಬ ಸರ್ವನಾಮ ಎಲ್ಲಿಗೆ ನಿಲ್ಲುತ್ತದೆಂಬುದೇ ತೊಡಕು. ಮಕ್ಕಳಿಲ್ಲದ ಮನೆಯವನಿಂದಲೂ ಶಾಲೆಯ ತೆರಿಗೆ ವಸೂಲುಮಾಡುವ ದೇಶ, ಆ ಸರ್ವನಾಮವನ್ನು ಬಲು ದೂರಕ್ಕೆ ಹಿಗ್ಗಿಸಿದೆ. ಅದೇ ದೇಶ ನಕ್ಷೆಯ ಒಂದು ಗೆರೆಯ ಬಳಿ ಅದನ್ನು ನಿಲ್ಲಿಸಿಯೂ ಬಿಟ್ಟಿದೆ. ಮುಂದಿನ ಸಲ ತಾವು ಕಂದಾಯ ಕಟ್ಟಿ ಬಂದಾಗ ರಸೀತಿಯನ್ನು ಮಡಿಸುವ ಮೊದಲು ಒಮ್ಮೆ ಓದಿರಿ. ತಾವು ಎಂದೂ ಕಾಣದ ಯಾರೋ ಒಬ್ಬರ ಹೆಸರಿನಲ್ಲಿ ಅಲ್ಲಿ ಕೆಲವು ರೂಪಾಯಿಗಳಿರುತ್ತವೆ.